ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳು

ಕೇಳುಗರಿಗೆ ನಮಸ್ಕಾರ. ಬ್ರೆಡ್ಡಿನ ಪೊಟ್ಟಣವನ್ನು ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ತೆನೆಯ ಚಿತ್ರ ಮತ್ತು ‘ಬಹುಧಾನ್ಯ’ ಎಂಬ ದಪ್ಪಕ್ಷರ. ಒಳಗಿರುವುದು ಇಡಿಧಾನ್ಯವೇ ಎಂದು ತಿಳಿಯಬೇಕಾದರೆ ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಲೇಬೇಕು.

ಕಾಳಿನಲ್ಲಿ ಮೂರು ಭಾಗಗಳಿವೆ: ಮೇಲಿನ ತೌಡು, ಮೊಳೆಯುವ ಅಂಕುರ, ಪಿಷ್ಟ ತುಂಬಿದ ತಿರುಳು. ಈ ಮೂರೂ ಉಳಿದಿದ್ದರೆ ಅದು ಇಡಿಧಾನ್ಯ. ನಾರಿನ ಹೆಚ್ಚಿನ ಪಾಲು ತೌಡಿನಲ್ಲಿದೆ. ಬಿ ಗುಂಪಿನ ಜೀವಸತ್ವಗಳು, ಕಬ್ಬಿಣ, ಮೆಗ್ನೀಸಿಯಂ ತೌಡು ಮತ್ತು ಅಂಕುರಗಳಲ್ಲಿ ಹೇರಳವಾಗಿವೆ. ಅಂಕುರದಲ್ಲಿ ಎಣ್ಣೆಯಿರುವುದರಿಂದ ಇಡಿಧಾನ್ಯದ ಹಿಟ್ಟು ಬೇಗ ಕಮಟುತ್ತದೆ. ಬಹುಕಾಲ ಕೆಡದ ನುಣುಪಾದ ಬಿಳಿ ಹಿಟ್ಟಿಗಾಗಿ ಗಿರಣಿಯಲ್ಲಿ ಈ ಎರಡನ್ನೂ ತೆಗೆದು ತಿರುಳನ್ನಷ್ಟೇ ಉಳಿಸುತ್ತಾರೆ.

ಘಟಕಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ. ಆದ್ದರಿಂದ ಮೊದಲ ಹೆಸರೇ ಮುಖ್ಯ. ಅಲ್ಲಿ ‘ಇಡೀ ಗೋಧಿಯ ಹಿಟ್ಟು’ ಎಂದಿದ್ದರೆ ಸರಿ. ಬರೀ ‘ಗೋಧಿ ಹಿಟ್ಟು’ ಎಂದಿದ್ದರೆ ಅದು ಮೈದಾ ಆಗಿರಬಹುದು. ಬಹುಧಾನ್ಯವೆಂದರೆ ಹಲವು ಧಾನ್ಯಗಳಿವೆ ಎಂದಷ್ಟೇ ಅರ್ಥ, ಅವೆಲ್ಲವೂ ತೌಡು ಕಳೆದುಕೊಂಡವೇ ಆಗಿರಬಹುದು. ಕಂದು ಬಣ್ಣವನ್ನಂತೂ ನಾನು ನಂಬುವುದೇ ಇಲ್ಲ, ಕ್ಯಾರಮೆಲ್ ಬೆರೆಸಿದರೂ ಆ ಬಣ್ಣ ಬರುತ್ತದೆ.

ಇನ್ನು ಪೌಷ್ಟಿಕಾಂಶಗಳ ಪಟ್ಟಿ. ಒಟ್ಟು ಕಾರ್ಬೋಹೈಡ್ರೇಟನ್ನು ಹತ್ತರಿಂದ ಭಾಗಿಸಿ, ನಾರಿನಂಶ ಅಷ್ಟಾದರೂ ಇದೆಯೇ ಎಂದು ನೋಡಿ. ಒಂದು ಬ್ರೆಡ್ಡಿನಲ್ಲಿ ಕಾರ್ಬೋಹೈಡ್ರೇಟ್ 45 ಗ್ರಾಂ, ನಾರು 7 ಗ್ರಾಂ ಇದೆ ಎನ್ನೋಣ. ಬೇಕಾದದ್ದು ನಾಲ್ಕೂವರೆ, ಇರುವುದು ಏಳು. ಇನ್ನೊಂದರಲ್ಲಿ 50ಕ್ಕೆ ಎರಡೂವರೆ ಗ್ರಾಂ ಇದ್ದರೆ ಅದನ್ನು ಅಲ್ಲಿಯೇ ಬಿಡಬಹುದು. ಇನುಲಿನ್‌ನಂತಹ ನಾರನ್ನು ಪ್ರತ್ಯೇಕವಾಗಿ ಬೆರೆಸಿಯೂ ಅಂಕಿಯನ್ನು ಏರಿಸಬಹುದಾದ್ದರಿಂದ ಈ ಲೆಕ್ಕವನ್ನು ಘಟಕಗಳ ಪಟ್ಟಿಯ ಜೊತೆಗಿಟ್ಟೇ ಓದಬೇಕು.

ಎರಡು ಪೊಟ್ಟಣಗಳನ್ನು ಹೋಲಿಸುವಾಗ 100 ಗ್ರಾಂನ ಲೆಕ್ಕವನ್ನೇ ಹಿಡಿಯಿರಿ, ಏಕೆಂದರೆ ‘ಒಂದು ಬಾರಿಯ ಪ್ರಮಾಣ’ ಒಂದೊಂದು ತಯಾರಕರಿಗೆ ಒಂದೊಂದು ಬಗೆ. ಸಕ್ಕರೆಯ 4 ಗ್ರಾಂ ಎಂದರೆ ಸುಮಾರು ಒಂದು ಟೀ ಚಮಚ. ಡೆಕ್ಸ್ಟ್ರೋಸ್, ಮಾಲ್ಟೋಸ್, ಜೋಳದ ಸಿರಪ್ ಇವೂ ಸಕ್ಕರೆಯ ಬಳಗವೇ. ಸೋಡಿಯಂ 400 ಮಿಲಿಗ್ರಾಂ ಇದ್ದರೆ ಅದು ಒಂದು ಗ್ರಾಂ ಉಪ್ಪಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ಇಡೀ ದಿನಕ್ಕೆ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕು.

ಓಟ್ಸನ್ನು ಹಬೆಯಲ್ಲಿಟ್ಟು ಚಪ್ಪಟೆ ಮಾಡಿದರೂ ಅದು ಇಡಿಧಾನ್ಯವಾಗಿಯೇ ಉಳಿಯುತ್ತದೆ. ಸಾದಾ ಓಟ್ಸಿನ ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಿ ನೋಡಿ, ಘಟಕಗಳ ಪಟ್ಟಿಯಲ್ಲಿರುವುದು ಒಂದೇ ಹೆಸರು.