ಗಾಡಿ ನಿಲ್ಲಿಸಿ, ಕಲ್ಲು ಮುಟ್ಟಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ರಜೆ ಬಂತು. ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗಕ್ಕೋ ಹಂಪಿಗೋ ಹೊರಡಲು ಯೋಚನೆ ಮಾಡುತ್ತಿರುತ್ತೀರಿ. ನಾನು ಕೇಳಿಕೊಳ್ಳುವುದು ಒಂದೇ. ದಾರಿಯಲ್ಲಿ ಕಲ್ಲು ಬದಲಾದ ಕಡೆ ಗಾಡಿ ನಿಲ್ಲಿಸಿ. ಇಳಿಯಿರಿ. ಕಲ್ಲನ್ನು ಮುಟ್ಟಿ ನೋಡಿ.

ಕಲ್ಲು ಬದಲಾದರೆ ಮಣ್ಣು ಬದಲಾಗುತ್ತದೆ. ಮಣ್ಣು ಬದಲಾದರೆ ಬೆಳೆ, ಬಾವಿಯ ನೀರು, ಮನೆಯ ಗೋಡೆ ಎಲ್ಲವೂ ಬದಲಾಗುತ್ತವೆ. ವಿಜಯಪುರದ ಎರೆಮಣ್ಣಿನಲ್ಲಿ ಬಿಳಿಜೋಳ ಅಷ್ಟು ಚೆನ್ನಾಗಿ ಬರುತ್ತದೆ, ಅಲ್ವಾ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಹರಿದು ಹೆಪ್ಪುಗಟ್ಟಿತು. ಆ ಕಪ್ಪು ಕಲ್ಲು ಸವೆದು ಎರೆಮಣ್ಣಾಯಿತು. ಗೋಲಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಲ್ಲಿ.

ಬೆಂಗಳೂರಿನವರು ಲಾಲ್‌ಬಾಗಿನಿಂದಲೇ ಶುರು ಮಾಡಬಹುದು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರಲ್ಲಿ ಬಿಳಿ, ಕಪ್ಪು ಪಟ್ಟೆಗಳು ಕಾಣುತ್ತವೆ. ಅದರ ಮೇಲೆ ಕೂತು ಕಡಲೆಕಾಯಿ ತಿಂದು ಬರುವವರೇ ಜಾಸ್ತಿ. ದಯವಿಟ್ಟು ಒಮ್ಮೆ ಬಗ್ಗಿ ಆ ಪಟ್ಟೆಗಳನ್ನು ನೋಡಿ. ಆಮೇಲೆ ರಾಮನಗರಕ್ಕೆ ಹೋಗಿ. ಅಲ್ಲಿ ಪಟ್ಟೆಯ ಬದಲು ಗುಲಾಬಿ ಬಣ್ಣದ ದಪ್ಪ ಹರಳುಗಳು ಸಿಗುತ್ತವೆ. ಇದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗ, ಶಿವಗಂಗೆ, ಮಧುಗಿರಿ ದಾಟಿ ಉತ್ತರಕ್ಕೆ ಹಂಪಿಯವರೆಗೂ ಈ ಗ್ರಾನೈಟಿನ ಪಟ್ಟಿ ಹೋಗುತ್ತದೆ.

ಈಗ ನಾನು ಹೇಳಲೇಬೇಕು ಅಂತ ಬಂದ ಜಾಗಕ್ಕೆ ಬರೋಣ. ಮರಡಿಹಳ್ಳಿ. ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಹೋಗುವಾಗ ಐಮಂಗಲದ ಹತ್ತಿರ ಇದೆ. ಒಮ್ಮೆ ನಮ್ಮ ಅತ್ತೆ, ನನ್ನ ಮಗಳು ಎಲ್ಲರೂ ಜೊತೆಯಲ್ಲಿದ್ದರು. ಹೆದ್ದಾರಿ ಬಿಟ್ಟು ಹಳ್ಳಿಯ ಕಡೆ ಗಾಡಿ ತಿರುಗಿಸಿದೆ. ಸುತ್ತ ಕುರುಚಲು ಗಿಡ, ಒಣ ನೆಲ. "ಇಲ್ಲೇನಿದೆ ನೋಡೋಕೆ?" ಅಂದರು ಅತ್ತೆ. ಬಂಡೆಯ ಹತ್ತಿರ ಕರೆದುಕೊಂಡು ಹೋದೆ. ಉದ್ದುದ್ದ ದಿಂಬುಗಳನ್ನು ಒತ್ತಾಗಿ ಪೇರಿಸಿಟ್ಟ ಹಾಗಿರುವ ಹಸಿರು ಮಿಶ್ರಿತ ಕಪ್ಪು ಕಲ್ಲು. ಅದಕ್ಕೇ ಅದನ್ನು ದಿಂಬು ಲಾವಾ ಅನ್ನುತ್ತೇವೆ.

ಇದು ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಅಂದೆ. ಅತ್ತೆಗೆ ನಂಬಿಕೆ ಬರಲಿಲ್ಲ. "ಕೆರೆ ತುಂಬೋದೇ ಕಷ್ಟ ಈ ಸೀಮೇಲಿ. ಇಲ್ಲಿ ಸಮುದ್ರ ಇತ್ತಾ?" ಇತ್ತು ಅಂತ ಕಲ್ಲೇ ಹೇಳುತ್ತಿದೆ ನೋಡಿ ಅಂತ ತೋರಿಸಿದೆ. ಕಾದ ಲಾವಾ ತಣ್ಣೀರಿಗೆ ತಾಗಿದ ತಕ್ಷಣ ಹೊರಸಿಪ್ಪೆ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಬಿಸಿ. ಹಿಂದಿನಿಂದ ಒತ್ತಡ ಬಂದಾಗ ಸಿಪ್ಪೆ ಒಡೆದು ಇನ್ನೊಂದು ದಿಂಬು ಹೊರಬರುತ್ತದೆ. ಅತ್ತೆ ಮಧ್ಯದಲ್ಲೇ ತಡೆದರು. "ಬೆಲ್ಲದ ಪಾಕದ ಹದ ನೋಡೋಕೆ ನೀರಿಗೆ ಒಂದು ತೊಟ್ಟು ಬಿಡ್ತೀವಲ್ಲ, ಹಾಗಾ?" ಹಾಗೇ! ಎಷ್ಟು ವರ್ಷ ಪಾಠ ಮಾಡಿದರೂ ನನಗೆ ಇಷ್ಟು ಸರಿಯಾದ ಉದಾಹರಣೆ ಹೊಳೆದಿರಲಿಲ್ಲ.

ಮಗಳು ಅಷ್ಟು ಹೊತ್ತಿಗೆ ಒಂದು ದಿಂಬಿನ ಅಂಚಿನ ಮೇಲೆ ಬೆರಳು ಓಡಿಸುತ್ತಿದ್ದಳು. ಅಂಚಿನಲ್ಲಿ ಕಲ್ಲು ತುಂಬಾ ನುಣುಪು, ಬೇಗ ತಣಿದ ಗುರುತು ಅದು. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ಕೆಳಭಾಗ ಮಾತ್ರ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಪದರಗಳು ಆಮೇಲೆ ಎಷ್ಟೇ ವಾಲಿದ್ದರೂ, ಹುಟ್ಟುವಾಗ ಯಾವ ಕಡೆ ಮೇಲಿತ್ತು ಅಂತ ಇದರಿಂದ ಗೊತ್ತಾಗುತ್ತದೆ. ಇದನ್ನು ಕೇಳಿದ್ದೇ ತಡ, ಅವಳು ಪ್ರತಿ ದಿಂಬಿನ ತಲೆ ಯಾವುದು ಅಂತ ಹುಡುಕುತ್ತಾ ಹೊರಟಳು. ಊಟಕ್ಕೆ ಕರೆದರೂ ಬರಲಿಲ್ಲ. ಗಾಡಿ ನಿಲ್ಲಿಸಿದ್ದಕ್ಕೆ ಇಷ್ಟೆಲ್ಲಾ ಸಿಕ್ಕಿತು. ಮರಡಿಹಳ್ಳಿಯ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುತ್ತಿಗೆ ಹಾಕಬೇಡಿ, ಚೂರು ಎತ್ತಿಕೊಂಡು ಬರಬೇಡಿ. ಬೆರಳು ಸಾಕು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಓದಬೇಕು ಅನ್ನುವವರಿಗೆ ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಧನ್ ಬರೆದ ಕರ್ನಾಟಕದ ಭೂವಿಜ್ಞಾನದ ಇಂಗ್ಲಿಷ್ ಪುಸ್ತಕವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ ನಕ್ಷೆಯೂ ಸಿಗುತ್ತದೆ. ಆದರೆ ಪುಸ್ತಕ ಪೂರ್ತಿ ಓದಿಯೇ ಹೊರಡುತ್ತೇನೆ ಅಂತ ಕೂರಬೇಡಿ. ಮೊದಲು ಹೋಗಿ, ಮುಟ್ಟಿ, ಬಂದು ಓದಿ.

ಮನೆಯ ಹಿರಿಯರನ್ನೂ ಕೇಳಿ. ಉಪ್ಪಿನಕಾಯಿ ಹಾಕುವ ಕಲ್ಲಿನ ಮರಿಗೆ ನಿಮ್ಮ ಮನೆಯಲ್ಲಿ ಇದೆಯಾ? ಅದು ಬಳಪದ ಕಲ್ಲು. ಹಳೇಬೀಡಿನ ಶಿಲ್ಪಗಳೂ ಅದೇ ಜಾತಿಯ ಮೆದು ಕಲ್ಲು. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಬಾದಾಮಿಯದು ಮರಳುಗಲ್ಲು, ಬೆರಳಿಗೆ ಮರಳಿನ ಕಣ ಸಿಗುತ್ತದೆ.

ಕರಾವಳಿಯ ಕಡೆ ಹೋಗುವವರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಅಲ್ಲಿನ ಕಲ್ಲಿನ ಕಂಬಗಳನ್ನು ನೋಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ಅದು. ಸೆಲ್ಫಿ ಆಮೇಲೆ, ಮೊದಲು ಕಂಬದ ಮುಖಗಳನ್ನು ಮಕ್ಕಳ ಕೈಯಲ್ಲಿ ಎಣಿಸಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ನಮಸ್ಕಾರ.