ಎಷ್ಟು ಗಂಟೆ, ಎಷ್ಟು ಹೊತ್ತು: ಪೈಥಾನಿನ ಗಡಿಯಾರಗಳ ವಿವರಣೆ ಹೇಗಿರಬೇಕು

ನಮಸ್ಕಾರ. ಹಾಸನದಿಂದ ಮಾತನಾಡುತ್ತಿದ್ದೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಮಯ ಅಳೆಯುವ ಫಂಕ್ಷನ್‌ಗಳ (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಸಿದ್ಧ ತುಣುಕುಗಳ) ವಿವರಣೆ ಹೇಗಿರಬೇಕು ಎಂಬ ಬಗ್ಗೆ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ಅದು ಹುಟ್ಟಿದ್ದು ಸಕಲೇಶಪುರದ ಬಳಿಯ ಕಾಫಿ ತೋಟವೊಂದರ ಪಂಪ್‌ಹೌಸಿನಲ್ಲಿ.

ಆಗ ಮಾರ್ಚ್ ತಿಂಗಳು, ರೊಬಸ್ಟಾಗೆ ಹೂವಿನ ನೀರು ಕೊಡುವ ಕಾಲ. ಸ್ಪ್ರಿಂಕ್ಲರಿನ ಡೀಸೆಲ್ ಪಂಪು ಎಷ್ಟು ಹೊತ್ತು ಓಡಿತೆಂದು ದಾಖಲಿಸಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನ ಮೇಲೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪಂಪು ಶುರುವಾದಾಗ ಒಮ್ಮೆ, ನಿಂತಾಗ ಒಮ್ಮೆ ‘ಟೈಮ್’ ಫಂಕ್ಷನ್ ಕರೆದು ವ್ಯತ್ಯಾಸ ತೆಗೆಯುವುದಷ್ಟೇ ಅದರ ಕೆಲಸ. ಒಂದು ರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ಬಂತು. ಆ ಬೋರ್ಡಿನಲ್ಲಿ ಬ್ಯಾಟರಿಯ ಗಡಿಯಾರ ಇಲ್ಲದ್ದರಿಂದ ಅದು ಹಿಂದಿನ ರಾತ್ರಿಯ ಸಮಯವನ್ನೇ ಹಿಡಿದುಕೊಂಡು ಎದ್ದಿತ್ತು; ಪಂಪು ಶುರುವಾದ ಮೇಲೆ ನೆಟ್‌ವರ್ಕ್ ಸಿಕ್ಕಿ, ಸಮಯ ಒಮ್ಮೆಲೇ ಏಳು ಗಂಟೆ ಮುಂದಕ್ಕೆ ಹಾರಿತು. ಎರಡೂವರೆ ಗಂಟೆ ಓಡಿದ ಪಂಪಿನ ಹೆಸರಿನಲ್ಲಿ ಒಂಬತ್ತೂವರೆ ಗಂಟೆ ದಾಖಲಾಯಿತು. ಡೀಸೆಲ್ ಲೆಕ್ಕಕ್ಕೆ ತಾಳೆಯಾಗದ ಆ ಅಂಕಿಗೆ ತೋಟದ ಲೆಕ್ಕ ಬರೆಯುವ ರೈಟರು ಪೆನ್ನಿನಿಂದ ಸುತ್ತು ಹಾಕಿ ನನ್ನ ಮುಂದಿಟ್ಟರು.

‘ಟೈಮ್’ ಹೇಳುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು. ಯಾರಾದರೂ ಗಡಿಯಾರ ತಿದ್ದಿದರೆ ಅದು ಹಿಂದಕ್ಕೂ ಹೋದೀತು. ‘ಮೊನೊಟೋನಿಕ್’ ಎಂಬ ಇನ್ನೊಂದು ಫಂಕ್ಷನ್ ಎಂದೂ ಹಿಂದಕ್ಕೆ ಹೋಗದು, ಆದರೆ ಅದರ ಒಂಟಿ ಅಂಕಿಗೆ ಅರ್ಥವಿಲ್ಲ, ಎರಡರ ವ್ಯತ್ಯಾಸಕ್ಕೆ ಮಾತ್ರ ಅರ್ಥ. ‘ಪರ್ಫ್ ಕೌಂಟರ್’ ಅತಿ ಸೂಕ್ಷ್ಮ ಅಳತೆಗೆ. ‘ಪ್ರೋಸೆಸ್ ಟೈಮ್’ ಪ್ರೋಗ್ರಾಂ ನಿದ್ರಿಸಿದ ಹೊತ್ತನ್ನು ಬಿಟ್ಟು, ಪ್ರೊಸೆಸರ್ ದುಡಿದದ್ದನ್ನಷ್ಟೇ ಎಣಿಸುತ್ತದೆ. ಈ ನಾಲ್ಕು ಫಂಕ್ಷನ್‌ಗಳೂ ಸೆಕೆಂಡುಗಳನ್ನು ದಶಾಂಶದಲ್ಲೇ ಕೊಡುವುದರಿಂದ, ತಪ್ಪಾದುದನ್ನು ಆರಿಸಿದರೂ ಯಂತ್ರ ತಕರಾರು ಮಾಡುವುದಿಲ್ಲ. ತಡೆಯಬಲ್ಲದ್ದು ವಿವರಣೆಯೊಂದೇ.

ಈ ಗೊಂದಲ ಹೊಸದಲ್ಲ. ಹಳೆಯ ‘ಕ್ಲಾಕ್’ ಫಂಕ್ಷನ್ ಯುನಿಕ್ಸ್‌ನಲ್ಲಿ ಪ್ರೊಸೆಸರ್ ಸಮಯವನ್ನೂ ವಿಂಡೋಸ್‌ನಲ್ಲಿ ಗೋಡೆ ಗಡಿಯಾರದಂತೆ ಕಳೆದ ಸಮಯವನ್ನೂ ಕೊಡುತ್ತಿತ್ತು. 2012ರ ಪೈಥಾನ್ 3.3 ಆವೃತ್ತಿ ಈಗ ಹೇಳಿದ ಕೊನೆಯ ಮೂರನ್ನು ತಂದು ‘ಕ್ಲಾಕ್’ ಬಳಸಬೇಡಿ ಎಂದಿತು, 2019ರ 3.8ರಲ್ಲಿ ಅದು ಹೋಯಿತು. ಆ ಬದಲಾವಣೆಯ ಪ್ರಸ್ತಾವವಾದ ಪೆಪ್ 418 ಎಂಬ ದಾಖಲೆಯಲ್ಲಿ ಗಡಿಯಾರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ್ದಾರೆ. ಅಧಿಕೃತ ವಿವರಣೆಯಲ್ಲಾದರೋ ಫಂಕ್ಷನ್‌ಗಳು ಅಕ್ಷರಾನುಕ್ರಮದಲ್ಲಿ ಚದುರಿ ನಿಂತಿವೆ. ಒಂದೊಂದು ಟಿಪ್ಪಣಿಯೂ ಸರಿಯಾಗಿಯೇ ಇದೆ, ಆದರೆ ಹುಡುಕಿಕೊಂಡು ಬಂದವನು ಒಂದನ್ನು ಓದಿ ಹೊರಟುಬಿಡುತ್ತಾನೆ.

ನಮ್ಮ ಮನೆಗಳಲ್ಲಿ ‘ಎಷ್ಟು ಗಂಟೆಯಾಯಿತು’ ಮತ್ತು ‘ಎಷ್ಟು ಹೊತ್ತಾಯಿತು’ ಎಂಬ ಎರಡು ಪ್ರಶ್ನೆಗಳನ್ನು ಮಕ್ಕಳೂ ಬೆರೆಸುವುದಿಲ್ಲ. ಪ್ರತಿ ಫಂಕ್ಷನ್ನಿನ ವಿವರಣೆಯ ಮೊದಲ ವಾಕ್ಯ ಆ ಫಂಕ್ಷನ್ ಯಾವ ಪ್ರಶ್ನೆಗೆ ಉತ್ತರವೆಂದು ಹೇಳಬೇಕು. ಎರಡನೆಯದು, ಮತ್ತೊಂದು ಪ್ರಶ್ನೆ ಇಟ್ಟುಕೊಂಡು ಬಂದವರನ್ನು ಸರಿಯಾದ ಫಂಕ್ಷನ್ನಿಗೆ ಕಳಿಸಬೇಕು. ಒಂದೇ ಮಾತು ನಾಲ್ಕು ಕಡೆ ಬರುತ್ತದೆ ಎಂದು ಬರೆಯುವವರು ಹಿಂಜರಿಯುತ್ತಾರೆ. ಬರಲಿ, ಓದುವವನಿಗೆ ಅದು ಸಿಗುವುದು ಒಂದೇ ಸಲ.

ಪಂಪ್‌ಹೌಸಿನ ಪ್ರೋಗ್ರಾಮಿನಲ್ಲಿ ಈಗ ‘ಮೊನೊಟೋನಿಕ್’ ಇದೆ. ಅದರ ಮೇಲೆ ಕನ್ನಡದಲ್ಲೇ ಬರೆದಿದ್ದೇನೆ: ‘ಇಲ್ಲಿ ಕೇಳುತ್ತಿರುವುದು ಎಷ್ಟು ಹೊತ್ತಾಯಿತೆಂದು. ಟೈಮ್ ಬಳಸಬೇಡಿ. ಬೋರ್ಡ್ ಆಫ್ ಆಗಿ ಆನ್ ಆದರೆ ಹಳೆಯ ಅಂಕಿಯನ್ನು ಹೊಸ ಅಂಕಿಯಿಂದ ಕಳೆಯಬೇಡಿ.’