ಸಾಲಿನೊಳಗೆ ಕೂತ ದಪ್ಪಕ್ಷರ

ಕೇಳುಗರಿಗೆ ನಮಸ್ಕಾರ. ಕಣ್ಣಿಂದ ನೋಡಬೇಕಾದ ಸಂಗತಿಯೊಂದನ್ನು ಇವತ್ತು ಕಿವಿಗೆ ಹೇಳಲು ಹೊರಟಿದ್ದೇನೆ. ಮನೆಯಲ್ಲಿ ಹಳೆಯ ಇಂಗ್ಲಿಷ್ ನಿಘಂಟು ಇದ್ದರೆ ತೆಗೆದು ಎದುರಿಗಿಟ್ಟುಕೊಳ್ಳಿ. ಅರ್ಥ ಹೇಳಬೇಕಾದ ಪದ ದಪ್ಪಗಿರುತ್ತದೆ, ಅಲ್ವಾ? ಅದರ ಮುಂದಿನ ವಿವರಣೆಯೆಲ್ಲ ತೆಳ್ಳಗೆ. ನಮ್ಮ ಕಣ್ಣು ಸೀದಾ ದಪ್ಪ ಪದಕ್ಕೇ ಹೋಗುತ್ತದೆ. ಇದು ನಮಗೆ ಎಷ್ಟು ಮಾಮೂಲಿಯೆಂದರೆ, ಇದನ್ನೂ ಯಾರೋ ತಲೆ ಓಡಿಸಿ ಮಾಡಿದ್ದಾರೆ ಅನ್ನಿಸುವುದೇ ಇಲ್ಲ.

ಹಾಗೆ ತಲೆ ಓಡಿಸಿದವರಲ್ಲಿ ಒಬ್ಬರು ರಾಬರ್ಟ್ ಬೆಸ್ಲಿ. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಟೈಪ್ ಫೌಂಡ್ರಿಯಲ್ಲಿ, ಅಂದರೆ ಅಚ್ಚುಮೊಳೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಅವರು ಪಾಲುದಾರರು. 1845ರಲ್ಲಿ ಅಲ್ಲಿಂದ ಹೊರಬಂದ ಅಕ್ಷರದ ಹೆಸರು ಕ್ಲಾರೆಂಡನ್. ಉಕ್ಕಿನಲ್ಲಿ ಅದನ್ನು ಕೊರೆದ ಕೈ ಬೆಂಜಮಿನ್ ಫಾಕ್ಸ್ ಅವರದು.

ಅದಕ್ಕೆ ಮೊದಲು ದಪ್ಪಕ್ಷರ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಲಾಟರಿ, ನಾಟಕ, ಹರಾಜು ಎಂದು ಗೋಡೆಗೆ ಅಂಟಿಸುವ ಭಿತ್ತಿಪತ್ರಗಳಲ್ಲಿ ಭಾರೀ ಅಕ್ಷರಗಳು ಮೆರೆಯುತ್ತಿದ್ದವು. ಆದರೆ ಅವು ಸಂತೆಯಲ್ಲಿ ಕೂಗಿ ಮಾರುವವರ ಹಾಗೆ. ಪುಸ್ತಕದ ಸಾಲಿನಲ್ಲಿ ತಂದು ಕೂರಿಸಿದರೆ ಅಕ್ಕಪಕ್ಕದ ಪದಗಳನ್ನು ಓದಲು ಬಿಡುತ್ತಿರಲಿಲ್ಲ. ಇನ್ನೊಂದು ತೊಂದರೆಯೂ ಇತ್ತು. ಅವುಗಳ ದಪ್ಪ ಗೆರೆ ವಿಪರೀತ ದಪ್ಪ, ತೆಳು ಗೆರೆ ಕೂದಲೆಳೆಯಷ್ಟು. ಸಾವಿರಾರು ಪ್ರತಿ ಅಚ್ಚಾಗುವಾಗ ಆ ಸಣ್ಣ ಗೆರೆ ಸವೆಯುತ್ತಿತ್ತು, ಮುರಿಯುತ್ತಿತ್ತು.

ಕ್ಲಾರೆಂಡನ್ ಇಲ್ಲಿ ಜಾಣತನ ತೋರಿಸಿತು. ಅದರಲ್ಲಿ ದಪ್ಪ ಗೆರೆಗೂ ತೆಳು ಗೆರೆಗೂ ಅಂತರ ಕಡಿಮೆ. ತೆಳು ಗೆರೆಯಲ್ಲೂ ಮೈಯಿದೆ. ಒರಟು ಕಾಗದವಾದರೂ, ಶಾಯಿ ಸ್ವಲ್ಪ ಹರಡಿದರೂ ಅಕ್ಷರ ಕೆಡುವುದಿಲ್ಲ. ಅಕ್ಷರದ ಕಾಲ ತುದಿಯಲ್ಲಿ ಚಿಕ್ಕ ಅಡ್ಡಪಟ್ಟಿ ಇರುತ್ತದಲ್ಲ, ಸೆರಿಫ್ ಅನ್ನುತ್ತಾರೆ, ಅದು ಇದರಲ್ಲಿ ಗಟ್ಟಿಮುಟ್ಟು. ಆದರೆ ಸುಮ್ನೆ ಇಟ್ಟಿಗೆ ತಂದಿಟ್ಟಂತೆ ಇಲ್ಲ. ಕಂಬದಿಂದ ಪಟ್ಟಿಗೆ ಸಣ್ಣದೊಂದು ಬಾಗು ಇಳಿದು ಸೇರುತ್ತದೆ. ಆ ಬಾಗಿನಿಂದಲೇ ಅದು ಪುಸ್ತಕದ ಮಾಮೂಲಿ ಅಕ್ಷರಗಳ ಜೊತೆ ಹೊಂದಿಕೊಳ್ಳುತ್ತದೆ.

ನನಗೆ ಇಷ್ಟವಾದದ್ದು ಇದರ ದೊಡ್ಡ ‘ಆರ್’. ಬಲಗಾಲು ನೇರ ಕೆಳಗಿಳಿದು, ನೆಲ ಮುಟ್ಟಿದ ಮೇಲೆ ತುದಿಯನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ. ಸಣ್ಣ ‘ಸಿ’, ‘ಆರ್’, ‘ಎಫ್’ಗಳ ತುದಿಯಲ್ಲಿ ದುಂಡನೆಯ ಗುಂಡು. ಇಷ್ಟು ಭಾರದ ಅಕ್ಷರಕ್ಕೆ ಈ ಸಣ್ಣ ಶೋಕಿ ಇಲ್ಲದಿದ್ದರೆ ಬರೀ ಗಡುಸಾಗಿಬಿಡುತ್ತಿತ್ತು.

ಇಂಗ್ಲೆಂಡಿನಲ್ಲಿ ಆಗಷ್ಟೇ ಬಂದಿದ್ದ ವಿನ್ಯಾಸ ಕಾನೂನಿನಡಿ ಬೆಸ್ಲಿ ಇದನ್ನು ನೋಂದಾಯಿಸಿದರು. ರಕ್ಷಣೆ ಸಿಕ್ಕಿದ್ದು 3 ವರ್ಷಕ್ಕೆ ಮಾತ್ರ. ಅವಧಿ ಮುಗಿದದ್ದೇ ತಡ, ಉಳಿದ ಫೌಂಡ್ರಿಗಳು ತಮ್ಮ ತಮ್ಮ ಕ್ಲಾರೆಂಡನ್ ತಂದವು. ಬೆಸ್ಲಿಗೆ ಅದರಿಂದ ಬಡತನವೇನೂ ಬರಲಿಲ್ಲ ಬಿಡಿ. 1869ರಲ್ಲಿ ಅವರು ಲಂಡನ್ನಿನ ಲಾರ್ಡ್ ಮೇಯರ್ ಆದರು.

ಅಮೆರಿಕದಲ್ಲಿ ಇದರ ಬಾಳು ಬೇರೆ ದಾರಿ ಹಿಡಿಯಿತು. ಭಿತ್ತಿಪತ್ರದ ದೊಡ್ಡ ಅಕ್ಷರವನ್ನು ಸೀಸದಲ್ಲಿ ಹೊಯ್ದರೆ ಭಾರ ಜಾಸ್ತಿ, ಖರ್ಚೂ ಜಾಸ್ತಿ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಯಂತ್ರದಿಂದ ಮರದ ಅಕ್ಷರ ಕೊರೆಯುವ ದಾರಿ ತೋರಿಸಿದ್ದರು. ಮರಕ್ಕೆ ಬಂದ ಕ್ಲಾರೆಂಡನ್ ಅಗಲವಾಯಿತು, ಉದ್ದವಾಯಿತು. ಒಂದು ಬಗೆಯಲ್ಲಂತೂ ಕಂಬಗಳು ಸಣಕಲು, ಮೇಲಿನ ಕೆಳಗಿನ ಪಟ್ಟಿಗಳು ದಪ್ಪ. ಕೌಬಾಯ್ ಸಿನಿಮಾಗಳಲ್ಲಿ ‘ಬೇಕಾಗಿದ್ದಾನೆ’ ಎಂದು ಕಳ್ಳನ ಚಿತ್ರ ಹಾಕಿರುತ್ತಾರಲ್ಲ, ಆ ಅಕ್ಷರ ಇದೇ ಸಂತತಿಯದು. ಫ್ರೆಂಚ್ ಕ್ಲಾರೆಂಡನ್ ಅಂತ ಹೆಸರು.

ನಡುವೆ ಸ್ವಲ್ಪ ಕಾಲ ಇದು ಹಳೇ ಫ್ಯಾಷನ್ ಎಂದು ಮೂಲೆ ಸೇರಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಗಾಗಿ ಹರ್ಮನ್ ಐಡೆನ್‌ಬೆಂಜ್ ಮತ್ತೆ ಚೊಕ್ಕವಾಗಿ ಬರೆದರು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ರಸ್ತೆ ಫಲಕಗಳಲ್ಲೂ ಕ್ಲಾರೆಂಡನ್ ಬಹಳ ಕಾಲ ಇತ್ತು. ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಹತ್ತಿರ ಸೋನಿ ಕಂಪನಿಯ ರೇಡಿಯೋ ಅಥವಾ ಟಿವಿ ಇದ್ದರೆ ಅದರ ಹೆಸರನ್ನೊಮ್ಮೆ ನೋಡಿ. ಅಗಲವಾದ ಮೈ, ಗಟ್ಟಿ ಅಡ್ಡಪಟ್ಟಿ, ಅದೇ ಚಹರೆ.

ಈಗ ಯಾವುದಕ್ಕೆ ಬಳಸಬಹುದು? ತಲೆಬರಹಕ್ಕೆ, ಅಂಗಡಿ ಬೋರ್ಡಿಗೆ, ಡಬ್ಬಿಯ ಲೇಬಲ್ಲಿಗೆ, ಪುಸ್ತಕದ ಮುಖಪುಟಕ್ಕೆ ಧಾರಾಳವಾಗಿ ಬಳಸಿ. ಸಾಲಿನ ನಡುವೆ ಒಂದೆರಡು ಪದಕ್ಕೂ ಸರಿ. ಇಡೀ ಪುಟವನ್ನು ಇದರಲ್ಲೇ ಜೋಡಿಸಿದರೆ ಕಣ್ಣು ಸೋಲುತ್ತದೆ. ಎಲ್ಲ ಪದವೂ ದಪ್ಪಗಾದರೆ ಯಾವುದಕ್ಕೂ ಒತ್ತು ಸಿಗುವುದಿಲ್ಲ. ತೀರ ಸಣ್ಣ ಅಳತೆಯಲ್ಲಿ ಇಂಗ್ಲಿಷಿನ ‘ಇ’, ‘ಎ’ಗಳ ಹೊಟ್ಟೆಯೊಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ.

ನಮ್ಮ ಬೋರ್ಡುಗಳ ಬಗ್ಗೆ ನನ್ನದೊಂದು ತಕರಾರಿದೆ. ಇಂಗ್ಲಿಷ್ ಹೆಸರಿಗೆ ಇಂಥ ದಷ್ಟಪುಷ್ಟ ಅಕ್ಷರ ಹಾಕಿ, ಪಕ್ಕದಲ್ಲೇ ಕನ್ನಡವನ್ನು ಸಣಕಲು ಫಾಂಟಿನಲ್ಲಿ ಬರೆಸುತ್ತಾರೆ. ಕನ್ನಡವನ್ನೂ ದಪ್ಪ ಮಾಡಿ ಎಂದರೆ ‘ಣ’, ‘ಘ’ಗಳ ಸುರುಳಿ, ಒತ್ತಕ್ಷರ ಎಲ್ಲ ಕಲಸಿಹೋಗುತ್ತವೆ ಅನ್ನುತ್ತಾರೆ. ಕಲಸಿಹೋಗುವುದು ನಿಜ. ಹಾಗಾದರೆ ಕನ್ನಡದ ಅಳತೆಯನ್ನು ಒಂದು ಸುತ್ತು ದೊಡ್ಡದು ಮಾಡಿ, ಒಳಗಿನ ಬಿಳಿ ಜಾಗ ತೆರೆದುಕೊಳ್ಳುತ್ತದೆ. ಬೋರ್ಡ್ ಬರೆಯಲು ಕೊಡುವಾಗ ಎರಡೂ ಸಾಲಿನ ನಮೂನೆಯನ್ನು ಒಂದೇ ಹಾಳೆಯಲ್ಲಿ ಕೇಳಿ, ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ಓದಿ ನೋಡಿ. ಆಮೇಲೆ ಮುಂಗಡ ಕೊಡಿ. ನಮಸ್ಕಾರ.